ಡೆಂಗಿ ಗಂಭೀರವಾಗುವುದನ್ನು ರಕ್ತ ಪರೀಕ್ಷೆ ಮೊದಲೇ ಹೇಳಬಲ್ಲದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹಿಡಿದು ಡೆಂಗಿ ಹೆಚ್ಚುವ ತಿಂಗಳುಗಳಲ್ಲಿ ರೋಗಿಗಳ ಮನೆಯವರು ಆಸ್ಪತ್ರೆಯಲ್ಲಿ ಎದುರು ನಿಂತು, ಪತ್ರ ಬರೆದು, ಪ್ರತಿಕ್ರಿಯೆ ಹಾಕಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಮೊದಲಿನವು ಎಲ್ಲರಿಗೂ ಬೇಕಾದವು, ಕೊನೆಯವು ವಿಷಯದ ಆಳಕ್ಕೆ ಇಳಿಯಬಯಸುವವರಿಗೆ. ಇವುಗಳನ್ನು ಓದಿ ವರದಿಯನ್ನು ಅರ್ಥ ಮಾಡಿಕೊಳ್ಳಬಹುದು. ರೋಗಿಯನ್ನು ಮುಟ್ಟಿ ನೋಡುವ ವೈದ್ಯರ ತಪಾಸಣೆಯ ಜಾಗವನ್ನು ಇವು ತುಂಬುವುದಿಲ್ಲ.

ಆರಂಭದ ಪ್ರಶ್ನೆಗಳು

ಜ್ವರ ಬಂದ ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿದರೆ ಮುಂದೆ ಸೀರಿಯಸ್ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆಯೇ?

ಇಲ್ಲ. ಮೊದಲ ದಿನದ ಯಾವುದೇ ಒಂದು ಪರೀಕ್ಷೆ ಅದನ್ನು ಖಚಿತವಾಗಿ ಹೇಳುವುದಿಲ್ಲ. ಡೆಂಗಿಯಿಂದ ಹಾಸಿಗೆ ಹಿಡಿದವರಲ್ಲಿ ಸುಮಾರು 20 ಜನರಿಗೆ ಒಬ್ಬರಂತೆ ರೋಗ ಗಂಭೀರ ರೂಪ ತಾಳುತ್ತದೆ. ಆ ಒಬ್ಬರೂ ಉಳಿದ 19 ಜನರೂ ಮೊದಲ ಎರಡು ದಿನ ಒಂದೇ ರೀತಿ ನರಳುತ್ತಾರೆ: ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು, ಊಟ ಸೇರದಿರುವುದು. ರಕ್ತದ ಎಣಿಕೆಯಲ್ಲೂ ಆ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ.

ಹಾಗೆಂದು ಮೊದಲ ಮೂರು ದಿನದೊಳಗೆ ಮಾಡಿಸಿದ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವ್ಯರ್ಥವೆಂದು ಭಾವಿಸಬಾರದು. ಆ ವ್ಯಕ್ತಿಯ ರಕ್ತ ಮಾಮೂಲಿಯಾಗಿ ಹೇಗಿರುತ್ತದೆ ಎಂಬುದನ್ನು ಅದು ದಾಖಲಿಸುತ್ತದೆ. ಐದನೇ ದಿನ ಬರುವ ಅಂಕಿಗೆ ಅರ್ಥ ಬರುವುದು ಎರಡನೇ ದಿನದ ಅಂಕಿ ಕೈಯಲ್ಲಿದ್ದಾಗ. ಹಳೆಯ ವರದಿಯನ್ನು ಮನೆಯಲ್ಲೇ ಬಿಟ್ಟು ಬರುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಎಷ್ಟೋ ಸಲ ಚಿಕಿತ್ಸೆಯ ದಾರಿ ನಿರ್ಧಾರವಾಗುವುದು ಆ ಒಂದು ಹಾಳೆಯಿಂದ.

ಎನ್‌ಎಸ್1 ಪಾಸಿಟಿವ್ ಬಂದಿದೆ. ಅಂದರೆ ಡೆಂಗಿ ಜೋರಾಗಿದೆ ಅಂತಲೇ?

ಅಲ್ಲ. ಎನ್‌ಎಸ್1 ಎಂಬುದು ವೈರಸ್ ನಮ್ಮ ಜೀವಕೋಶಗಳಿಂದ ಹೊರಬಿಡಿಸುವ ಒಂದು ಪ್ರೋಟೀನು. ಅದು ರಕ್ತದಲ್ಲಿ ಸಿಕ್ಕಿದರೆ ಬಂದಿರುವುದು ಡೆಂಗಿ ಎಂದು ತಿಳಿಯುತ್ತದೆ, ಅಷ್ಟೇ. ಜ್ವರದ ಮೊದಲ ಐದು ದಿನಗಳಲ್ಲಿ ಈ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಐಜಿಎಂ ಪ್ರತಿಕಾಯಗಳು ನಾಲ್ಕೈದು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಎರಡನೇ ದಿನ ಐಜಿಎಂ ನೆಗೆಟಿವ್ ಬಂದರೂ, ಏಳನೇ ದಿನ ಎನ್‌ಎಸ್1 ನೆಗೆಟಿವ್ ಬಂದರೂ ಡೆಂಗಿ ಇಲ್ಲವೆಂದು ತೀರ್ಮಾನಿಸಲಾಗದು.

ಇವೆರಡೂ ರೋಗ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆಗಳು. ರೋಗ ಎತ್ತ ಸಾಗುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ. ಕರ್ನಾಟಕ ಸರ್ಕಾರ 2024ರ ಜುಲೈಯಲ್ಲಿ ಖಾಸಗಿ ಲ್ಯಾಬುಗಳಿಗೆ ಎಲೈಸಾ ಎಂಬ ವಿಧಾನದ ಎನ್‌ಎಸ್1 ಪರೀಕ್ಷೆಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ ಮಿತಿ ಹಾಕಿತು. ಒಮ್ಮೆ ಪಾಸಿಟಿವ್ ಬಂದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಆ ಹಣವನ್ನು ದಿನದಿನದ ಸಿಬಿಸಿಗೆ ಉಳಿಸಿಕೊಳ್ಳುವುದು ಮೇಲು.

ಸಿಬಿಸಿ ವರದಿಯಲ್ಲಿ ಇಷ್ಟೊಂದು ಸಾಲುಗಳಿವೆ. ನಾವು ಯಾವುದನ್ನು ನೋಡಬೇಕು?

ಮೂರು ಸಾಲು ಸಾಕು: ಬಿಳಿ ರಕ್ತಕಣಗಳ ಒಟ್ಟು ಎಣಿಕೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಎಣಿಕೆ, ಮತ್ತು ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದು ಬರೆದಿರುವ ಶೇಕಡಾವಾರು ಅಂಕಿ. ಇವುಗಳ ಪಕ್ಕದಲ್ಲಿ ಅದು ಜ್ವರದ ಎಷ್ಟನೇ ದಿನ ಎಂಬುದನ್ನು ಪೆನ್ನಿನಿಂದ ಬರೆದಿಡಬೇಕು. ಲ್ಯಾಬಿನವರು ಹಾಕುವ ತಾರೀಖು ಒಂದೇ ಸಾಲದು.

ಸಾಮಾನ್ಯವಾಗಿ ಮೊದಲು ಇಳಿಯುವುದು ಬಿಳಿ ರಕ್ತಕಣಗಳು. ಅದರ ಬೆನ್ನಿಗೇ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ಲೇಟ್‌ಲೆಟ್ ರಭಸದಿಂದ ಇಳಿಯುತ್ತಿರುವ ಹೊತ್ತಿನಲ್ಲೇ ಪಿಸಿವಿ ಏರತೊಡಗಿದರೆ ಅದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿ ಮಾಡಿದ ಎಚ್ಚರಿಕೆಯ ಚಿಹ್ನೆಗಳಲ್ಲಿ ಒಂದು. ಆ ಪಟ್ಟಿಯಲ್ಲಿ ರಕ್ತ ಪರೀಕ್ಷೆಗೆ ಸಂಬಂಧಿಸಿದ್ದು ಇದೊಂದೇ. ಉಳಿದವೆಲ್ಲ ರೋಗಿಯ ಮೈಯಲ್ಲಿ ಕಾಣುವಂಥವು.

ಪಿಸಿವಿ ಏರಿದರೆ ಒಳ್ಳೆಯದಲ್ಲವೇ? ರಕ್ತ ಹೆಚ್ಚಾಯಿತು ಅಂತ ತಾನೇ?

ಡೆಂಗಿಯಲ್ಲಿ ಅದರ ಅರ್ಥ ಬೇರೆ. ರಕ್ತದಲ್ಲಿ ಕೆಂಪುಕಣಗಳು ತುಂಬಿಕೊಂಡಿರುವ ಪಾಲು ಎಷ್ಟು ಎಂಬುದನ್ನು ಪಿಸಿವಿ ಹೇಳುತ್ತದೆ. ಉಳಿದದ್ದರಲ್ಲಿ ಬಹುಪಾಲು ಪ್ಲಾಸ್ಮಾ ಎಂಬ ದ್ರವ. ಗಂಭೀರ ಡೆಂಗಿಯಲ್ಲಿ ಸಣ್ಣ ರಕ್ತನಾಳಗಳ ಒಳಪದರ ಸಡಿಲಗೊಂಡು ಈ ದ್ರವ ಹೊಟ್ಟೆಯೊಳಕ್ಕೆ, ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಸೋರುತ್ತದೆ. ಕೆಂಪುಕಣಗಳು ನಾಳದಲ್ಲೇ ಉಳಿಯುತ್ತವೆ. ಒಲೆಯ ಮೇಲೆ ಬಿಟ್ಟ ಸಾರಿನಲ್ಲಿ ನೀರು ಆರಿ ಗಸಿ ಹೆಚ್ಚಾದಂತೆ ಕಾಣುವ ಹಾಗೆ, ಇಲ್ಲಿಯೂ ರಕ್ತ ಹೆಚ್ಚಾಗಿರುವುದಿಲ್ಲ, ಗಟ್ಟಿಯಾಗಿರುತ್ತದೆ.

ಮೊದಲಿದ್ದ ಅಂಕಿಗಿಂತ ಶೇ 20 ಅಥವಾ ಅದಕ್ಕೂ ಹೆಚ್ಚು ಏರಿದರೆ ಗಣನೀಯ ಸೋರಿಕೆ ಆಗುತ್ತಿದೆಯೆಂದು ವೈದ್ಯರು ಪರಿಗಣಿಸುತ್ತಾರೆ. ನಾಳದಲ್ಲಿ ದ್ರವ ಕಡಿಮೆಯಾದಂತೆ ರಕ್ತದೊತ್ತಡ ಕುಸಿದು, ಅಂಗಾಂಗಗಳಿಗೆ ರಕ್ತ ಸಾಲದೆ ರೋಗಿ ಆಘಾತದ ಸ್ಥಿತಿಗೆ ಜಾರುತ್ತಾನೆ. ಡೆಂಗಿಯಲ್ಲಿ ಸಾವಿಗೆ ಮುಖ್ಯ ಕಾರಣ ಈ ಸೋರಿಕೆ ಮತ್ತು ಅದನ್ನು ತಡವಾಗಿ ಗುರುತಿಸುವುದು. ಇಡೀ ಊರು ಪ್ಲೇಟ್‌ಲೆಟ್ ಬಗ್ಗೆ ಮಾತಾಡುತ್ತದೆ, ಪಿಸಿವಿಯನ್ನು ಕೇಳುವವರು ವಿರಳ. ಈ ಇಡೀ ಬರಹದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಜ್ವರ ಬಿಟ್ಟು ಮೈ ತಣ್ಣಗಾಗಿದೆ. ಇನ್ನೂ ಯಾಕೆ ರಕ್ತ ತೆಗೆಯುತ್ತೀರಿ?

ಬೇರೆ ಜ್ವರಗಳಲ್ಲಿ ಜ್ವರ ಬಿಟ್ಟರೆ ರೋಗ ಇಳಿಯಿತೆಂದು ತಿಳಿಯಬಹುದು. ಡೆಂಗಿಯಲ್ಲಿ ಅಪಾಯದ ಅವಧಿ ಶುರುವಾಗುವುದೇ ಆಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೆ ಪ್ಲಾಸ್ಮಾ ಸೋರಿಕೆ ಆರಂಭವಾಗಿ 24ರಿಂದ 48 ಗಂಟೆ ಮುಂದುವರಿಯುತ್ತದೆ. ಹೆಚ್ಚಿನವರಲ್ಲಿ ಅದು ಅಲ್ಪ ಪ್ರಮಾಣದ್ದಾಗಿದ್ದು ಗೊತ್ತಾಗದೆ ಕಳೆದುಹೋಗುತ್ತದೆ. ಕೆಲವರಲ್ಲಿ ಮಾತ್ರ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರುತ್ತದೆ. ಜ್ವರ ಬಿಟ್ಟ ಮೇಲೂ ರೋಗಿ ಮೊದಲಿಗಿಂತ ಸುಸ್ತಾಗಿದ್ದರೆ, ಕೈಕಾಲು ತಣ್ಣಗಿದ್ದರೆ ಅದನ್ನು ಚೇತರಿಕೆಯೆಂದು ತಿಳಿಯಬಾರದು.

ವರದಿ ಕೈಯಲ್ಲಿ ಹಿಡಿದು ಕೇಳುವ ಪ್ರಶ್ನೆಗಳು

ಅಣ್ಣನಿಗೆ ಪ್ಲೇಟ್‌ಲೆಟ್ 24 ಸಾವಿರ, ತಂಗಿಗೆ 62 ಸಾವಿರ. ಆದರೂ ತಂಗಿಯನ್ನು ಐಸಿಯುಗೆ ಹಾಕಿದರು, ಅಣ್ಣನನ್ನು ವಾರ್ಡಿನಲ್ಲೇ ಇಟ್ಟರು. ಇದು ಯಾವ ನ್ಯಾಯ?

ಈ ಪ್ರಶ್ನೆ ಅಂಕಿಗಳನ್ನು ಬದಲಿಸಿಕೊಂಡು ಪ್ರತಿ ವರ್ಷವೂ ಬರುತ್ತದೆ. ಆದ್ದರಿಂದ ಅಂಥ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ಓದೋಣ. ತಂಗಿಯ ಪಿಸಿವಿ ಎರಡನೇ ದಿನ 36 ಇತ್ತು, ಐದನೇ ದಿನ 43.5 ಆಗಿದೆ ಎಂದುಕೊಳ್ಳಿ. 36ರ ಶೇ 20 ಅಂದರೆ 7.2, ಏರಿಕೆ 7.5. ಅಂದರೆ ಸೋರಿಕೆಯ ಗೆರೆ ದಾಟಿದೆ. ಆದರೆ ಹೆಂಗಸರಿಗೆ ಲ್ಯಾಬಿನವರು ಮುದ್ರಿಸುವ ಸಹಜ ಮಿತಿ ಸಾಮಾನ್ಯವಾಗಿ 46ರ ಆಸುಪಾಸಿನವರೆಗೆ ಇರುವುದರಿಂದ 43.5ರ ಮುಂದೆ ನಕ್ಷತ್ರ ಚಿಹ್ನೆಯಾಗಲೀ ದಪ್ಪಕ್ಷರವಾಗಲೀ ಬರುವುದಿಲ್ಲ. ವರದಿಯ ಪ್ರಕಾರ ಅದು ನಾರ್ಮಲ್. ಆ ಹುಡುಗಿಯ ಮಟ್ಟಿಗೆ ಅಲ್ಲ. ಜೊತೆಗೆ ಆಕೆ ಬೆಳಗಿನಿಂದ ನಾಲ್ಕು ಸಲ ವಾಂತಿ ಮಾಡಿಕೊಂಡು, ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದರೆ ಐಸಿಯುನಲ್ಲಿ ಇಟ್ಟು ಗಂಟೆಗಂಟೆಗೆ ನೋಡುವುದು ಸರಿಯಾದ ತೀರ್ಮಾನ.

ಅಣ್ಣನ ಪಿಸಿವಿ 41 ಇದ್ದದ್ದು 40 ಆಗಿದೆ. ಆತ ಏಳನೇ ದಿನದಲ್ಲಿದ್ದಾನೆ, ಜ್ವರ ಬಿಟ್ಟು ಎರಡು ದಿನವಾಗಿದೆ, ಗಂಜಿ ಕುಡಿದಿದ್ದಾನೆ, ಮೂತ್ರ ಸರಾಗವಾಗಿ ಹೋಗುತ್ತಿದೆ, ಎಲ್ಲೂ ರಕ್ತಸ್ರಾವವಿಲ್ಲ. ಅವನ 24 ಸಾವಿರವನ್ನು ಕಡೆಗಣಿಸಬಾರದು ನಿಜ, ವಾರ್ಡಿನಲ್ಲಿ ಇಟ್ಟು ಗಮನಿಸಬೇಕಾದ್ದೂ ನಿಜ. ಆದರೆ ಅವನ ಅಪಾಯದ ಕಾಲ ಕಳೆಯುತ್ತಿದೆ, ತಂಗಿಯದು ಈಗಷ್ಟೇ ತೆರೆದುಕೊಂಡಿದೆ. ಪ್ಲೇಟ್‌ಲೆಟ್ ಎಷ್ಟು ಇಳಿದಿದೆ ಎಂಬುದಕ್ಕೂ ಸೋರಿಕೆ ಎಷ್ಟಿದೆ ಎಂಬುದಕ್ಕೂ ಸಂಬಂಧ ಇದ್ದರೂ ಅವೆರಡೂ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವುದಿಲ್ಲ.

ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದರೆ ಹಾಕಿಸಬೇಕು?

ರಕ್ತಸ್ರಾವ ಇಲ್ಲದಿದ್ದರೆ ಬರೀ ಅಂಕಿ ನೋಡಿ ಹಾಕುವುದರಿಂದ ಲಾಭ ಕಂಡುಬಂದಿಲ್ಲ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕೂ ಕೆಳಗೆ ಇಳಿದಿದ್ದ 372 ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ. ಅಲರ್ಜಿಯಂಥ ಅಡ್ಡಪರಿಣಾಮಗಳು ಹೆಚ್ಚಾದವು. ಭಾರತದ ರಾಷ್ಟ್ರೀಯ ಮಾರ್ಗಸೂಚಿಯು ರಕ್ತಸ್ರಾವವಿಲ್ಲದವರಿಗೆ 10 ಸಾವಿರಕ್ಕಿಂತ ಕೆಳಗಿಳಿದಾಗ ಕೊಡಬಹುದು ಎನ್ನುತ್ತದೆ. ಗಮನಾರ್ಹ ರಕ್ತಸ್ರಾವ ಇದ್ದರೆ ಲೆಕ್ಕಾಚಾರ ಬೇರೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ರಾತ್ರಿಯಿಡೀ ರಕ್ತನಿಧಿಗಳಿಗೆ ಫೋನು ಮಾಡಿ, ಗೆಳೆಯರ ಗುಂಪುಗಳಲ್ಲಿ ಮೊರೆಯಿಟ್ಟು, ಐವತ್ತು ಸಾವಿರ ಇರುವವರಿಗೂ ಪ್ಲೇಟ್‌ಲೆಟ್ ಹುಡುಕುವ ಕುಟುಂಬಗಳ ಆತಂಕ ಅರ್ಥವಾಗುವಂಥದ್ದು. ಆದರೆ ಆ ಶ್ರಮ ಅದೇ ರಾತ್ರಿ ನಿಜವಾಗಿ ರಕ್ತ ಸೋರುತ್ತಿರುವ ಇನ್ನೊಬ್ಬ ರೋಗಿಗೆ ಸಿಗಬೇಕಾದ್ದನ್ನು ತಪ್ಪಿಸುತ್ತದೆ.

ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 40 ಸಾವಿರ, ಸಂಜೆ ಇನ್ನೊಂದರಲ್ಲಿ 85 ಸಾವಿರ. ಯಾರು ಸುಳ್ಳು ಹೇಳುತ್ತಿದ್ದಾರೆ?

ಯಾರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವ ಇಡಿಟಿಎ ಎಂಬ ರಾಸಾಯನಿಕ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕೆಲವರ ರಕ್ತದಲ್ಲಿ ಅದೇ ರಾಸಾಯನಿಕದಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಗುರುತಿಸದೆ ಕಡಿಮೆ ಎಣಿಸುತ್ತದೆ. ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ಕೂರದೆ ನಿಧಾನವಾಗಿ ತೊಟ್ಟಿಕ್ಕಿದರೂ, ಟ್ಯೂಬನ್ನು ಮೆಲ್ಲಗೆ ತಿರುಗಿಸಿ ಬೆರೆಸದಿದ್ದರೂ ಹೀಗಾಗುತ್ತದೆ. ತೀರಾ ಕಡಿಮೆ ಎಣಿಕೆಯಲ್ಲಿ ಯಂತ್ರಗಳ ನಡುವಿನ ವ್ಯತ್ಯಾಸವೂ ಹೆಚ್ಚು.

ಅನುಮಾನ ಬಂದಾಗ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆ ಮಾಡಿಸಲು ಕೇಳಬೇಕು. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಎಲ್ಲ ದಿನದ ಪರೀಕ್ಷೆ ನಡೆದರೆ ಏರಿಳಿತವನ್ನು ನಂಬಬಹುದು.

ಪರಂಗಿ ಎಲೆಯ ರಸ ಕುಡಿಸಿದ ಮೇಲೆ ಪ್ಲೇಟ್‌ಲೆಟ್ ಏರಿತು. ಅಂದರೆ ಅಪಾಯ ಕಳೆಯಿತಲ್ಲವೇ?

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕೆಳಮುಟ್ಟಿ ತಾನಾಗಿಯೇ ಏರುವುದು ರೋಗದ ಸಹಜ ಕ್ರಮ. ರಸ ಕುಡಿಸಲು ಶುರು ಮಾಡುವುದು ಸಾಮಾನ್ಯವಾಗಿ ಎಣಿಕೆ ತಳ ತಲುಪಿದ ದಿನ. ಮರುದಿನದಿಂದ ಏರಿಕೆ ಕಂಡಾಗ ಕೀರ್ತಿ ಎಲೆಗೆ ಸಲ್ಲುತ್ತದೆ. ಪರಂಗಿ ಎಲೆಯ ಸಾರದಿಂದ ಎಣಿಕೆ ಬೇಗ ಏರಬಹುದೆಂದು ಹೇಳುವ ಸಣ್ಣ ಅಧ್ಯಯನಗಳು ಇವೆ. ಆದರೆ ಅದು ಪ್ಲಾಸ್ಮಾ ಸೋರಿಕೆಯನ್ನಾಗಲೀ ಸಾವನ್ನಾಗಲೀ ತಪ್ಪಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೊದಲೇ ವಾಂತಿಯಾಗುತ್ತಿರುವ ಮಗುವಿಗೆ ಆ ಕಹಿಯನ್ನು ಬಲವಂತವಾಗಿ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದು ನಷ್ಟದ ಬಾಬತ್ತು. ಹೊಟ್ಟೆಯಲ್ಲಿ ನಿಲ್ಲುವ ಓಆರ್‌ಎಸ್, ಎಳನೀರು, ಗಂಜಿ ಆ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆ.

ಲಿವರ್ ಟೆಸ್ಟಿನಲ್ಲಿ 300 ಬಂದಿದೆ. ಲಿವರ್ ಹಾಳಾಯಿತೇ?

ಡೆಂಗಿಯಲ್ಲಿ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳು ಏರುವುದು ಬಹಳ ಸಾಮಾನ್ಯ. ಎಎಸ್‌ಟಿ ಅಂಕಿ ಎಎಲ್‌ಟಿಗಿಂತ ಹೆಚ್ಚಿರುವುದೂ ಸಾಮಾನ್ಯ, ಏಕೆಂದರೆ ಎಎಸ್‌ಟಿ ಸ್ನಾಯುಗಳಿಂದಲೂ ಬರುತ್ತದೆ. ಎರಡರಲ್ಲಿ ಒಂದು 1,000 ಮುಟ್ಟಿದರೆ ಅದನ್ನು ಗಂಭೀರ ಡೆಂಗಿಯೆಂದೇ ವರ್ಗೀಕರಿಸುತ್ತಾರೆ. 300ರ ಅಂಕಿ ಜಾಗ್ರತೆ ಕೇಳುತ್ತದೆ, ಗಾಬರಿಯನ್ನಲ್ಲ. ಪ್ಯಾರಾಸಿಟಮಾಲ್ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣ ಮೀರಿ ನುಂಗಿದರೆ ಲಿವರಿಗೆ ಇನ್ನಷ್ಟು ಹೊರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುವುದರಿಂದ ಡೆಂಗಿಯ ಅನುಮಾನ ಇರುವಾಗ ಅವನ್ನು ಸ್ವಂತವಾಗಿ ತೆಗೆದುಕೊಳ್ಳಲೇಬಾರದು. ಹೃದಯದ ತೊಂದರೆಗೆ ಆಸ್ಪಿರಿನ್ ಸೇವಿಸುತ್ತಿರುವವರು ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಮನೆಯಲ್ಲೇ ಇದ್ದೇವೆ. ಎಷ್ಟು ಸಲ ರಕ್ತ ಪರೀಕ್ಷೆ ಮಾಡಿಸಬೇಕು? ಯಾವಾಗ ಆಸ್ಪತ್ರೆಗೆ ಓಡಬೇಕು?

ಎಚ್ಚರಿಕೆಯ ಚಿಹ್ನೆಗಳಿಲ್ಲದೆ ಮನೆಯಲ್ಲಿರುವವರಿಗೆ ಮೂರನೇ ದಿನದಿಂದ, ಜ್ವರ ಬಿಟ್ಟು ಎರಡು ದಿನ ಕಳೆಯುವವರೆಗೆ, ದಿನಕ್ಕೊಂದು ಸಿಬಿಸಿ ಮತ್ತು ಒಮ್ಮೆ ವೈದ್ಯರ ತಪಾಸಣೆ ಸಾಕಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿರುವವರ ಪಿಸಿವಿಯನ್ನು ಕೆಲವು ಗಂಟೆಗಳಿಗೊಮ್ಮೆ ನೋಡುತ್ತಾರೆ, ಏಕೆಂದರೆ ದ್ರವ ಕಡಿಮೆಯಾದರೂ ಅಪಾಯ, ಹೆಚ್ಚಾಗಿ ಶ್ವಾಸಕೋಶದ ಸುತ್ತ ತುಂಬಿಕೊಂಡರೂ ಅಪಾಯ.

ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ವಸಡಿನಿಂದ ರಕ್ತ, ಕಪ್ಪು ಮಲ, ಮಂಕು ಹಿಡಿದಂತೆ ಮಲಗುವುದು ಅಥವಾ ಚಡಪಡಿಸುವುದು, ಉಸಿರಾಟದ ತೊಂದರೆ, ಆರು ಗಂಟೆಯಾದರೂ ಮೂತ್ರ ಹೋಗದಿರುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ರಕ್ತ ಪರೀಕ್ಷೆಯ ವರದಿಗಾಗಿ ಕಾಯದೆ ಹೊರಡಬೇಕು. ಸಂಜೆ ವರದಿ ಬರಲಿ, ನೋಡಿಕೊಂಡು ಹೋದರಾಯಿತು ಎಂದು ಕೂತು ಕಳೆದುಕೊಂಡ ಗಂಟೆಗಳನ್ನು ಮತ್ತೆ ಪಡೆಯಲಾಗದು. ಸಕಾಲದಲ್ಲಿ ಗುರುತಿಸಿ ಸರಿಯಾಗಿ ದ್ರವ ಕೊಟ್ಟರೆ ಗಂಭೀರ ಡೆಂಗಿಯಲ್ಲೂ ಸಾವಿನ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯುತ್ತದೆ.

ವಿಶೇಷ ಸಂದರ್ಭಗಳು

ಏಳು ತಿಂಗಳ ಬಸುರಿಗೆ ಡೆಂಗಿ ಬಂದಿದೆ. ವರದಿ ಓದುವ ಲೆಕ್ಕ ಅದೇ ತಾನೇ?

ಅಲ್ಲ. ಗರ್ಭಿಣಿಯರಲ್ಲಿ ನಾಲ್ಕೈದು ತಿಂಗಳ ನಂತರ ಪ್ಲಾಸ್ಮಾ ಸಹಜವಾಗಿಯೇ ಹೆಚ್ಚುವುದರಿಂದ ಪಿಸಿವಿ ಇಳಿದಿರುತ್ತದೆ. ಮೇಲಿಂದ ರಕ್ತಹೀನತೆ ಇದ್ದರೆ ಇನ್ನೂ ಕಡಿಮೆ. ಹೀಗಾಗಿ 28ರಿಂದ 34ಕ್ಕೆ ಏರಿದ ಅಂಕಿ ನೋಡಲು ಚೆನ್ನಾಗಿಯೇ ಕಂಡರೂ ಅದು ಶೇ 20ಕ್ಕಿಂತ ಹೆಚ್ಚಿನ ಏರಿಕೆ. ಗರ್ಭಾವಸ್ಥೆಯಲ್ಲಿ ಪ್ಲೇಟ್‌ಲೆಟ್ ತುಸು ಇಳಿಯುವುದೂ ಸಹಜ. ರಕ್ತದೊತ್ತಡದೊಂದಿಗೆ ಬರುವ ಕೆಲವು ಬಸುರಿನ ತೊಂದರೆಗಳಲ್ಲೂ ಪ್ಲೇಟ್‌ಲೆಟ್ ಕುಸಿದು ಲಿವರ್ ಕಿಣ್ವಗಳು ಏರುತ್ತವೆ. ಆದ್ದರಿಂದ ಬಸುರಿಯರಿಗೆ ಡೆಂಗಿ ಖಚಿತವಾದರೆ ದಾಖಲಾಗಿ ನೋಡಿಕೊಳ್ಳುವುದೇ ಸರಿ.

ಎರಡನೇ ಸಲ ಡೆಂಗಿ ಬಂದರೆ ಜೋರಾಗುತ್ತದಂತೆ, ನಿಜವೇ? ರಕ್ತದಲ್ಲಿ ಅದು ಗೊತ್ತಾಗುತ್ತದೆಯೇ?

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ವೈರಸ್ಸನ್ನು ಕೊಲ್ಲಲಾರದೆ ಅದಕ್ಕೆ ಅಂಟಿಕೊಂಡು, ರಕ್ಷಣಾ ಕೋಶಗಳ ಒಳಹೊಗಲು ಅದಕ್ಕೇ ದಾರಿ ಮಾಡಿಕೊಡಬಹುದು. ಕ್ಯೂಬಾ ದ್ವೀಪದ ಅನುಭವ ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿತು. ಅಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತು. 1981ರಲ್ಲಿ ಎರಡನೇ ಬಗೆ ಬಂದಾಗ 3.4 ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು 158 ಜನ ಸತ್ತರು. 1997ರಲ್ಲಿ ಸ್ಯಾಂಟಿಯಾಗೊ ನಗರಕ್ಕೆ ಎರಡನೇ ಬಗೆ ಮರಳಿದಾಗ ಗಂಭೀರವಾದವರು ಬಹುತೇಕ ಎಲ್ಲರೂ ಇಪ್ಪತ್ತು ವರ್ಷದ ಹಿಂದಿನ ಅಲೆಯನ್ನು ಕಂಡಿದ್ದ ವಯಸ್ಕರು. ನಿಕರಾಗುವಾದ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಹೇಳಿತು: ಹಳೆಯ ಪ್ರತಿಕಾಯ ತುಂಬಾ ಇದ್ದರೆ ರಕ್ಷಣೆ, ಇಲ್ಲವೇ ಇಲ್ಲದಿದ್ದರೆ ಅಪಾಯ ಕಡಿಮೆ, ನಡುವಿನ ಒಂದು ಮಟ್ಟದಲ್ಲಿ ಇದ್ದಾಗಲೇ ಅಪಾಯ ಹೆಚ್ಚು.

ಜ್ವರದ ಮೊದಲ ವಾರದಲ್ಲೇ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಪ್ರಬಲವಾಗಿ ಪಾಸಿಟಿವ್ ಬಂದರೆ ಇದು ಎರಡನೇ ಸೋಂಕು ಇರಬಹುದೆಂದು ವೈದ್ಯರು ಊಹಿಸುತ್ತಾರೆ. ಅಂಥ ರೋಗಿಯನ್ನು ಹೆಚ್ಚು ಗಮನವಿಟ್ಟು ನೋಡಬೇಕು. ಆದರೂ ಎರಡನೇ ಸೋಂಕಿನವರಲ್ಲಿ ಹೆಚ್ಚಿನವರು ಗಂಭೀರವಾಗುವುದಿಲ್ಲ. ಮೊದಲ ಸೋಂಕಿನಲ್ಲೇ ಗಂಭೀರವಾಗುವವರೂ ಇದ್ದಾರೆ, ತಾಯಿಯಿಂದ ಬಂದ ಪ್ರತಿಕಾಯ ಕರಗುತ್ತಿರುವ ಎಳೆಯ ಕೂಸುಗಳು ಅವರಲ್ಲಿ ಸೇರಿದ್ದಾರೆ.

ನಾವು ಮಲೆನಾಡಿನವರು. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಎಂದು ತಿಳಿಯಬೇಕೇ?

ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಲಿವರ್ ಕಿಣ್ವಗಳು ಏರುತ್ತವೆ. ಇಲಿಜ್ವರ, ಮಲೇರಿಯಾ, ಸ್ಕ್ರಬ್ ಟೈಫಸ್‌ಗಳಲ್ಲೂ ಪ್ಲೇಟ್‌ಲೆಟ್ ಕುಸಿಯುತ್ತದೆ, ಮತ್ತು ಈ ಮೂರಕ್ಕೂ ನಿರ್ದಿಷ್ಟ ಔಷಧಿ ಇದೆ. ಬೇಸಿಗೆಗೆ ಮುನ್ನ ಕಾಡಿಗೆ ಸೊಪ್ಪು ಸೌದೆಗೆ ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ, ಸುತ್ತಮುತ್ತ ಮಂಗ ಸತ್ತಿದ್ದರೆ, ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಬೇಕು. ಸಿಬಿಸಿಯೊಂದೇ ಇವುಗಳನ್ನು ಬೇರ್ಪಡಿಸಲಾರದು.

ಆಳಕ್ಕೆ ಇಳಿಯುವ ಪ್ರಶ್ನೆಗಳು

ಕೋವಿಡ್ ಕಾಲದಲ್ಲಿ ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್ ಎಲ್ಲ ಮಾಡಿಸಿದ್ದೆವು. ಡೆಂಗಿಗೆ ಯಾಕೆ ಬರೆದುಕೊಡುವುದಿಲ್ಲ?

ಕೋವಿಡ್‌ನಲ್ಲಿ ಶ್ವಾಸಕೋಶದ ಉರಿಯೂತವೇ ಮುಖ್ಯ ಅಪಾಯವಾಗಿತ್ತು, ರಕ್ತ ಹೆಪ್ಪುಗಟ್ಟುವುದು ಅದಕ್ಕೆ ಜೊತೆಯಾಗುತ್ತಿತ್ತು. ಆ ಪರೀಕ್ಷೆಗಳು ಅವೆರಡನ್ನು ಅಳೆಯುತ್ತಿದ್ದವು. ಆಗಲೂ ಅವುಗಳ ಪಾತ್ರವನ್ನು ಜನ ಹಿಗ್ಗಿಸಿ ನೋಡಿದರು. ಬ್ರಿಟನ್ನಿನ ಆಸ್ಪತ್ರೆಗಳ ಮಾಹಿತಿಯಿಂದ 2020ರಲ್ಲಿ ರೂಪಿಸಿದ, ಸಾವಿನ ಅಪಾಯ ಅಂದಾಜಿಸುವ ಅಂಕಪಟ್ಟಿಯಲ್ಲಿ ಎಂಟು ಅಂಶಗಳಿದ್ದವು. ಅವುಗಳಲ್ಲಿ ರಕ್ತ ಪರೀಕ್ಷೆಗಳು ಎರಡೇ, ಯೂರಿಯಾ ಮತ್ತು ಸಿಆರ್‌ಪಿ. ವಯಸ್ಸು, ಉಸಿರಾಟದ ವೇಗ, ಆಮ್ಲಜನಕದ ಮಟ್ಟದಂಥವು ಉಳಿದ ಆರು. ಅದೇ ವರ್ಷ ಇನ್ನೊಂದು ಸಂಶೋಧನೆ, ಪ್ರಾಣಾಪಾಯಕ್ಕೆ ಸಿಲುಕಿದ ಕೋವಿಡ್ ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್ ಎಂಬ ವೈರಸ್ ನಿರೋಧಕ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಇದ್ದುದನ್ನು ಕಂಡುಹಿಡಿಯಿತು. ಸೋಂಕು ತಗಲುವ ಮೊದಲೇ ಅಪಾಯ ರಕ್ತದಲ್ಲಿ ಕುಳಿತಿರಬಹುದು ಎಂಬುದು ಅದರಿಂದ ತಿಳಿಯಿತು.

ಡೆಂಗಿಯಲ್ಲೂ ಸಿಆರ್‌ಪಿ ಮತ್ತು ಫೆರಿಟಿನ್ ಮೊದಲ ದಿನಗಳಲ್ಲಿ ಹೆಚ್ಚಿದ್ದವರಲ್ಲಿ ರೋಗ ಗಂಭೀರವಾಗುವ ಸಂಭವ ಹೆಚ್ಚು ಎಂದು ಅಧ್ಯಯನಗಳು ಕಂಡಿವೆ. ಆದರೆ ಆ ಅಂಕಿ ಬಂದ ಮೇಲೆ ಮಾಡಬೇಕಾದ್ದು ಬದಲಾಗುವುದಿಲ್ಲ: ದಿನವೂ ನೋಡಬೇಕು, ಸೋರಿಕೆ ಹಿಡಿಯಬೇಕು, ಅಳೆದು ದ್ರವ ಕೊಡಬೇಕು. ಕೋವಿಡ್‌ನಲ್ಲಿ ಆಮ್ಲಜನಕ ಬೇಕಾದವರಿಗೆ ನೆರವಾದ ಸ್ಟೀರಾಯ್ಡನ್ನು ಡೆಂಗಿಗೆ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಚಿಕಿತ್ಸೆಯನ್ನು ಬದಲಿಸದ ಪರೀಕ್ಷೆಗೆ ಎಲ್ಲರಿಂದಲೂ ಸಾವಿರಾರು ರೂಪಾಯಿ ಖರ್ಚು ಮಾಡಿಸುವುದು ನ್ಯಾಯವಲ್ಲ.

ಶೇ 90 ನಿಖರ ಎಂದು ಹೇಳುವ ಪರೀಕ್ಷೆ ಬಂದರೆ ನಂಬಬಹುದಲ್ಲವೇ?

ಲೆಕ್ಕ ಮಾಡಿ ನೋಡೋಣ. ಡೆಂಗಿ ಖಚಿತವಾದ 1,000 ಜನರಲ್ಲಿ 50 ಜನ ಗಂಭೀರವಾಗುತ್ತಾರೆ ಎಂದುಕೊಳ್ಳಿ. ಗಂಭೀರವಾಗುವವರಲ್ಲಿ ಶೇ 90ರಷ್ಟು ಜನರನ್ನು ಹಿಡಿಯುವ, ಗಂಭೀರವಾಗದವರಲ್ಲಿ ಶೇ 80ರಷ್ಟು ಜನರನ್ನು ಸರಿಯಾಗಿ ಬಿಡುವ ಪರೀಕ್ಷೆ ಇದೆ ಎಂದುಕೊಳ್ಳಿ. ಆ 50ರಲ್ಲಿ 45 ಜನ ಸಿಗುತ್ತಾರೆ. ಉಳಿದ 950 ಜನರಲ್ಲಿ 190 ಜನರಿಗೂ ಅದು ಅಪಾಯವಿದೆ ಎನ್ನುತ್ತದೆ. ಒಟ್ಟು 235 ಎಚ್ಚರಿಕೆಗಳಲ್ಲಿ ನಿಜವಾದವು 45, ಅಂದರೆ ಐದರಲ್ಲಿ ಒಂದೂ ಅಲ್ಲ. ಅಪಾಯವಿಲ್ಲವೆಂದು ಕಳಿಸಿದ 765 ಜನರಲ್ಲಿ ತಪ್ಪಿಹೋದವರು 5.

ಈ ಪರೀಕ್ಷೆಯ ಮೌಲ್ಯ ಇರುವುದು 765ರ ಈ ಎರಡನೇ ಅಂಕಿಯಲ್ಲಿ. ಹಾಸಿಗೆಗಳು ತುಂಬಿ ತುಳುಕುವ ಸೆಪ್ಟೆಂಬರಿನಲ್ಲಿ 765 ಜನರನ್ನು ದಿನದ ತಪಾಸಣೆಯ ಷರತ್ತಿನ ಮೇಲೆ ಮನೆಗೆ ಕಳಿಸಲು ಸಾಧ್ಯವಾದರೆ ಉಳಿದವರಿಗೆ ಜಾಗವೂ ಗಮನವೂ ಸಿಗುತ್ತದೆ. ಇದೇ ಪರೀಕ್ಷೆಯನ್ನು 1,000ಕ್ಕೆ 300 ಜನ ಗಂಭೀರವಾಗಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಿದರೆ 410 ಎಚ್ಚರಿಕೆಗಳಲ್ಲಿ 270 ನಿಜವಾಗುತ್ತವೆ, ಆದರೆ 30 ಜನ ತಪ್ಪಿಹೋಗುತ್ತಾರೆ. ನಿಖರತೆಯ ಜಾಹೀರಾತು ಓದುವಾಗ ಅದನ್ನು ಯಾರ ಮೇಲೆ, ಎಂಥ ಆಸ್ಪತ್ರೆಯಲ್ಲಿ, ಜ್ವರದ ಎಷ್ಟನೇ ದಿನ ಪರೀಕ್ಷಿಸಿದರು ಎಂದು ಕೇಳಬೇಕು.

ಜೀನ್ ನೋಡಿ ಮೊದಲೇ ಹೇಳುವ ಪರೀಕ್ಷೆ ಬರುತ್ತಿದೆಯಂತೆ. ಅದೇನು?

ವೈರಸ್ ದಾಳಿಯಿಟ್ಟಾಗ ನಮ್ಮ ಬಿಳಿ ರಕ್ತಕಣಗಳಲ್ಲಿ ಕೆಲವು ಜೀನ್‌ಗಳು ಚುರುಕಾಗುತ್ತವೆ, ಕೆಲವು ಮಂದವಾಗುತ್ತವೆ. ಪ್ಲೇಟ್‌ಲೆಟ್ ಇಳಿಯುವುದಕ್ಕೂ ಮೊದಲೇ ಈ ಬದಲಾವಣೆ ಆಗಿರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೂರ್ವೇಶ್ ಖತ್ರಿ, ಶಿರಿತ್ ಐನಾವ್ ಮತ್ತು ಸಂಗಡಿಗರು 2019ರಲ್ಲಿ 20 ಜೀನ್‌ಗಳ ಗುಂಪೊಂದನ್ನು ಗುರುತಿಸಿ, ಕೊಲಂಬಿಯಾದ ರೋಗಿಗಳ ರಕ್ತದಲ್ಲಿ ಅದನ್ನು ಒರೆಗೆ ಹಚ್ಚಿದರು. ಮುಂದೆ ಅದೇ ದಾರಿಯಲ್ಲಿ ಸಾಗಿ ಗುಂಪನ್ನು 8 ಜೀನ್‌ಗಳಿಗೆ ಇಳಿಸಿದರು. ಪಟ್ಟಿ ಚಿಕ್ಕದಾದಷ್ಟೂ ಪರೀಕ್ಷೆ ಅಗ್ಗವಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ.

ಇನ್ನೊಂದು ದಾರಿ ರಕ್ತನಾಳದ ಒಳಪದರವನ್ನೇ ವಿಚಾರಿಸುವುದು. ಸೋರಿಕೆ ನಡೆಯುವುದು ಅಲ್ಲಿಯೇ ಆದ್ದರಿಂದ, ಆ ಪದರ ಕಿತ್ತುಬಂದಾಗ ರಕ್ತಕ್ಕೆ ಬೀಳುವ ಸಿಂಡಿಕನ್-1, ಪದರ ಉದ್ರೇಕಗೊಂಡಾಗ ಹೊರಬರುವ ಆಂಜಿಯೋಪೊಯೆಟಿನ್-2 ಮುಂತಾದವುಗಳನ್ನು ಅಳೆಯುತ್ತಾರೆ. ವಿಯೆಟ್ನಾಂ, ಕಾಂಬೋಡಿಯಾ, ಮಲೇಷ್ಯಾ, ಎಲ್ ಸಾಲ್ವಡಾರ್ ದೇಶಗಳ ರೋಗಿಗಳಲ್ಲಿ ಇಂಥ ಹತ್ತು ಸೂಚಕಗಳನ್ನು ಜ್ವರದ ಮೊದಲ ಮೂರು ದಿನಗಳಲ್ಲಿ ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಒಂದು ಸೂಚಕಕ್ಕಿಂತಲೂ ಹಲವು ಸೂಚಕಗಳ ಜೋಡಣೆ ಹೆಚ್ಚು ತಿಳಿಸಿತು. ಮಕ್ಕಳಿಗೆ ಹೊಂದಿದ ಜೋಡಣೆ ವಯಸ್ಕರಿಗೆ ಹೊಂದಲಿಲ್ಲ ಎಂಬುದು ನನಗೆ ಆ ಅಧ್ಯಯನದ ಅತ್ಯಂತ ಮುಖ್ಯ ಪಾಠವೆನಿಸುತ್ತದೆ.

ಹಾಗಾದರೆ ಅದು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರಲು ಏನು ಅಡ್ಡಿ?

ಜೀನ್‌ಗಳ ಚಟುವಟಿಕೆ ಅಳೆಯಲು ಈಗ ಬೇಕಾಗುವುದು ಪಿಸಿಆರ್ ಯಂತ್ರ, ಕೆಡದಂತೆ ಕಾಪಾಡಿದ ಮಾದರಿ, ತರಬೇತಿ ಪಡೆದ ಸಿಬ್ಬಂದಿ. ಉತ್ತರ ಮರುದಿನ ಬಂದರೆ ಪ್ರಯೋಜನ ಅರ್ಧವಾಗುತ್ತದೆ; ಒಂದೆರಡು ಗಂಟೆಯಲ್ಲಿ ಬರಬೇಕು. ಎರಡನೆಯದಾಗಿ, ಒಂದು ದೇಶದ ರೋಗಿಗಳಲ್ಲಿ ಗೆದ್ದ ಸೂಚಕಗಳನ್ನು ಭಾರತದ ಮಕ್ಕಳಲ್ಲಿ, ಮಧುಮೇಹವಿರುವ ವಯಸ್ಕರಲ್ಲಿ, ರಕ್ತಹೀನತೆ ಇರುವ ಹೆಂಗಸರಲ್ಲಿ, ನಾಲ್ಕೂ ಬಗೆಯ ವೈರಸ್‌ಗಳ ಎದುರು ಮತ್ತೆ ಪರೀಕ್ಷಿಸಬೇಕು. ಮೂರನೆಯದಾಗಿ, ಆ ಪರೀಕ್ಷೆ ನೋಡಿ ಚಿಕಿತ್ಸೆ ಕೊಟ್ಟ ಆಸ್ಪತ್ರೆಗಳಲ್ಲಿ ಸಾವು ಅಥವಾ ಅನಗತ್ಯ ದಾಖಲಾತಿ ಕಡಿಮೆಯಾಯಿತೆಂದು ತೋರಿಸಬೇಕು.

ಅಷ್ಟರವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇವತ್ತೇ ಆಗಬಹುದಾದ ಕೆಲಸವೊಂದಿದೆ. ಡೆಂಗಿ ತಿಂಗಳುಗಳಲ್ಲಿ ರಾತ್ರಿ ಪಾಳಿಯಲ್ಲೂ ಪಿಸಿವಿ ನೋಡುವ ವ್ಯವಸ್ಥೆ ಇರಬೇಕು. ಸಣ್ಣ ಗಾಜಿನ ನಳಿಗೆಯಲ್ಲಿ ಬೆರಳ ತುದಿಯ ರಕ್ತ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸಿದರೆ ಅಂಕಿ ಸಿಗುತ್ತದೆ. ಪ್ರತಿ ರೋಗಿಯ ಹಾಸಿಗೆಯ ಬಳಿ ಜ್ವರದ ದಿನ, ಪಿಸಿವಿ, ಪ್ಲೇಟ್‌ಲೆಟ್, ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ ಬರೆದ ಒಂದೇ ಹಾಳೆ ತೂಗಿರಬೇಕು. ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 20ಕ್ಕೆ ಇಳಿದರೆ ಆ ಹಾಳೆ ನೋಡಿದ ಯಾವ ದಾದಿಯಾದರೂ ವೈದ್ಯರನ್ನು ಕೂಡಲೇ ಕರೆಯುವಂತಿರಬೇಕು.